ಮುಟ್ಟಿನ ಕಪ್: 30 ದಾಟಿದ ಮಾತ್ರಕ್ಕೆ ಲಾರ್ಜ್ ಬೇಕಾ?

ಪ್ರಶ್ನೆ
ವಯಸ್ಸು 31, ಹೆರಿಗೆ ಆಗಿಲ್ಲ. ಮೊದಲೆರಡು ದಿನ ಬ್ಲೀಡಿಂಗ್ ಜಾಸ್ತಿ. ಒಂದು ಕಂಪನಿಯ ಚಾರ್ಟು 30 ದಾಟಿದ್ರೆ ಲಾರ್ಜ್ ಅನ್ನುತ್ತೆ, ಇನ್ನೊಂದು ಹೆರಿಗೆ ಆಗದಿದ್ರೆ ಸ್ಮಾಲ್ ಅನ್ನುತ್ತೆ. ಯಾವುದನ್ನ ನಂಬೋದು? ಕಾಪರ್-ಟಿ ಕೂಡ ಇದೆ.

ಉತ್ತರ 1
ವಯಸ್ಸು, ಹೆರಿಗೆ ಎಲ್ಲ ಬರೀ ಅಂದಾಜಿನ ಲೆಕ್ಕ. ಮೊದಲು ಗರ್ಭಕಂಠ ಎಷ್ಟು ಎತ್ತರದಲ್ಲಿದೆ ನೋಡಿ. ಅದನ್ನೂ ಮುಟ್ಟಿನ ದಿನಗಳಲ್ಲೇ ನೋಡಬೇಕು, ಯಾಕಂದ್ರೆ ಎಷ್ಟೋ ಜನರಿಗೆ ಆಗ ಅದು ಕೆಳಗಿಳಿದಿರುತ್ತೆ. ಕೈ ತೊಳೆದು, ಕುಕ್ಕರಗಾಲಲ್ಲಿ ಕೂತು ತೋರುಬೆರಳು ಒಳಗೆ ಹಾಕಿ. ಸುತ್ತಲಿನ ಗೋಡೆ ಮೆತ್ತಗಿರುತ್ತೆ; ಮೂಗಿನ ತುದಿಯ ಹಾಗೆ ಗಟ್ಟಿಯಾಗಿ, ನಡುವೆ ಸಣ್ಣ ಕುಳಿ ಇರೋದೇ ಗರ್ಭಕಂಠ. ಯೋನಿಯ ಬಾಯಿ ಬೆರಳಿಗೆ ತಾಗುವ ಜಾಗದಲ್ಲಿ ಹೆಬ್ಬೆರಳಿಟ್ಟು, ಹೊರತೆಗೆದು ಸ್ಕೇಲ್‌ನಲ್ಲಿ ಅಳೆಯಿರಿ. ಸುಮಾರು 45 ಮಿ.ಮೀ. ಒಳಗಿದ್ರೆ ಕೆಳಮಟ್ಟ, 55 ದಾಟಿದ್ರೆ ಎತ್ತರ. ಎರಡು-ಮೂರು ದಿನ ಅಳೆದು ಅತಿ ಕಡಿಮೆ ಬಂದದ್ದನ್ನೇ ಹಿಡಿಯಿರಿ.

ಕಪ್‌ನ ಉದ್ದ ಇದಕ್ಕಿಂತ ಕಡಿಮೆ ಇರಬೇಕು. ತುದಿಯ ಬಾಲ ಲೆಕ್ಕಕ್ಕಿಲ್ಲ, ಚುಚ್ಚಿದ್ರೆ ಕತ್ತರಿಸಬಹುದು. ಕಪ್ ಹೊರಗಿರುವಾಗ ಕತ್ತರಿಸಿ, ಬುಡಕ್ಕೆ ಕತ್ತರಿ ತಾಗಿಸಬೇಡಿ.

ಇನ್ನೊಂದು: ಎಸ್, ಎಂ, ಎಲ್ ಅನ್ನೋದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಬ್ಬರ ಸ್ಮಾಲ್ ಇನ್ನೊಬ್ಬರ ಮೀಡಿಯಂ. ಡಬ್ಬಿ ಮೇಲಿನ ಮಿ.ಮೀ. ನೋಡಿ.

ಉತ್ತರ 2
ಬ್ಲೀಡಿಂಗ್ ಜಾಸ್ತಿ ಅಂತ ಲಾರ್ಜ್‌ಗೆ ಹೋಗೋ ಮುಂಚೆ ಲೆಕ್ಕ ಹಾಕಿ. ಸಾಮಾನ್ಯವಾಗಿ ಒಂದಿಡೀ ಮುಟ್ಟಿಗೆ ಹೋಗೋದು 30–40 ಮಿ.ಲೀ., 80 ದಾಟಿದ್ರೆ ಅತಿಸ್ರಾವ. ಕಪ್ ಹಿಡಿಯೋದು ಹೆಚ್ಚೂಕಡಿಮೆ 20–30 ಮಿ.ಲೀ. ಎರಡು ಗಂಟೆಗೊಮ್ಮೆ ತುಂಬುತ್ತಿದ್ರೆ ಅದು ಸೈಜಿನ ಸಮಸ್ಯೆಯಲ್ಲ, ಡಾಕ್ಟರಿಗೆ ತೋರಿಸಬೇಕು.

ಅರ್ಧವೂ ತುಂಬದೆ ಸೋರಿದ್ರೆ ಕಾರಣ ಬೇರೆ. ಒಳಗೆ ಹಾಕೋಕೆ ಮಡಚಿದ ಕಪ್ ಪೂರ್ತಿ ಬಿಚ್ಚಿಕೊಂಡಿರಲ್ಲ (ಬುಡದ ಸುತ್ತ ಬೆರಳಾಡಿಸಿದ್ರೆ ತಗ್ಗು ಸಿಗುತ್ತೆ), ಅಥವಾ ಕಪ್ ಗರ್ಭಕಂಠದ ಪಕ್ಕಕ್ಕೆ ಜಾರಿರುತ್ತೆ, ಇಲ್ಲ ಅಂಚಿನ ಕೆಳಗಿನ ಸಣ್ಣ ತೂತುಗಳು ಕಟ್ಟಿಕೊಂಡಿರುತ್ತವೆ. ಗರ್ಭಕಂಠ ಕೆಳಗಿದ್ರೆ ಅದು ಕಪ್‌ನೊಳಗೇ ಇಳಿದು ಜಾಗ ತಿನ್ನೋದೂ ಉಂಟು.

ಉತ್ತರ 3
ಸೈಜಿನಷ್ಟೇ ಮುಖ್ಯವಾದದ್ದು ಗಟ್ಟಿತನ, ಚಾರ್ಟುಗಳಲ್ಲಿ ಇದರ ಸುದ್ದಿಯೇ ಇರಲ್ಲ. ವ್ಯಾಯಾಮದಿಂದ ಕಿಬ್ಬೊಟ್ಟೆ ಕೆಳಗಿನ ಸ್ನಾಯು ಬಿಗಿಯಾಗಿರೋರಿಗೆ ತೀರಾ ಮೆತ್ತನೆ ಕಪ್ ಒಳಗೆ ಅರಳಲ್ಲ. ಗಟ್ಟಿ ಕಪ್ ಬೇಗ ಅರಳುತ್ತೆ, ಆದರೆ ಮೂತ್ರಕೋಶ ಒತ್ತಿ ಪದೇ ಪದೇ ಒಂದಕ್ಕೆ ಹೋಗೋ ಹಾಗಾದ್ರೆ ಮೆತ್ತನೆಯದಕ್ಕೆ ಬದಲಾಯಿಸಿ. ನಿಮಗೆ ಅಗಲ 40–43 ಮಿ.ಮೀ., ಗಟ್ಟಿತನ ಮಧ್ಯಮ ಇರೋದರಿಂದ ಶುರುಮಾಡಬಹುದು. ಉದ್ದ ನಿಮ್ಮ ಅಳತೆ ಹೇಳಿದ ಹಾಗೆ.

ಕಾಪರ್-ಟಿ ಇರೋದ್ರಿಂದ ಕೊಳ್ಳೋ ಮುಂಚೆ ಅದನ್ನು ಹಾಕಿದ ಡಾಕ್ಟರನ್ನು ಕೇಳಿ, ಅದರ ದಾರ ಗಿಡ್ಡ ಮಾಡಬೇಕಾಗಬಹುದು. ಕಪ್ ತೆಗೆಯುವಾಗ ಬಾಲ ಹಿಡಿದು ಎಳೆಯಲೇಬೇಡಿ. ಬುಡ ಚಿವುಟಿ ಗಾಳಿ ಒಳಗೆ ಬಿಟ್ಟು, ಹಿಡಿತ ಸಡಿಲಾದ ಮೇಲೆ ಓರೆಯಾಗಿ ಇಳಿಸಿ. ಇಲ್ಲದಿದ್ರೆ ಆ ಎಳೆತಕ್ಕೆ ಕಾಪರ್-ಟಿಯೂ ಜಾರಬಹುದು.