ನೂರು ಹಾಕಿದರೆ ಮೂವತ್ತೆಂಟು

ಗುಂಪು: ಮನೆಮಂದಿ

ಪವನ್: [ಚಿತ್ರ] ಎಲ್ಲರೂ ಈ ರಸೀದಿಯನ್ನು ಒಮ್ಮೆ ನೋಡಿ. ನಿನ್ನೆ ಮನೆಯ ಹೊಸ ಪ್ರೀಪೇಯ್ಡ್ ವಿದ್ಯುತ್ ಮೀಟರ್ (ಮೊದಲೇ ಹಣ ಹಾಕಿ ಬಳಸುವುದು) ರೀಚಾರ್ಜ್ ಮಾಡಿದ್ದು. ನೂರು ಹಾಕಿದರೆ ನಲವತ್ತು ಹಳೆಯ ಬಾಕಿಗೆ, ಹನ್ನೆರಡು ನಿಗದಿತ ಶುಲ್ಕಕ್ಕೆ, ಹತ್ತು ತುರ್ತು ಸಾಲಕ್ಕೆ (ಹಾಕಿದ ಹಣ ಮುಗಿದ ಮೇಲೂ ಮೀಟರ್ ಕೊಡುವ ಸ್ವಲ್ಪ ವಿದ್ಯುತ್ತಿನ ಸಾಲ) ಹೋಗಿದೆ. ವಿದ್ಯುತ್ತಿಗೆ ಉಳಿದದ್ದು ಮೂವತ್ತೆಂಟು. ಹೀಗಾದರೆ ಮನೆ ನಡೆಸುವುದು ಹೇಗೆ?

ದೊಡ್ಡಪ್ಪ: ಬಾಕಿ ಉಳಿಸಿದ್ದು ಮೀಟರ್ ಅಲ್ಲವಲ್ಲ ಪವನ್. ಕೆಲಸವಿಲ್ಲದ ತಿಂಗಳುಗಳಲ್ಲಿ ಬಿಲ್ ಕಟ್ಟಲಾಗಲಿಲ್ಲ, ನಿನ್ನ ಕಷ್ಟ ನನಗೆ ಗೊತ್ತು. ಈಗ ನಿನಗೆ ತಿಳಿಯದಂತೆಯೇ ಅದು ತೀರುತ್ತಿದೆ, ಸಂತೋಷಪಡು. ಪ್ರೀಪೇಯ್ಡ್ ಒಳ್ಳೆಯ ವ್ಯವಸ್ಥೆ. ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು ಕಲಿಸುತ್ತದೆ.

ರೇಖಾ: ಹಾಸಿಗೆಯನ್ನು ಅರ್ಧಕ್ಕಿಂತ ಹೆಚ್ಚು ಮಡಚಿಟ್ಟು ಕಾಲು ಚಾಚು ಎಂದರೆ ಹೇಗೆ ದೊಡ್ಡಪ್ಪ?

ಮುರಳಿ: ಪವನ್, ಒಂದು ಉಪಾಯ ಹೇಳುತ್ತೇನೆ. ದೊಡ್ಡ ಮೊತ್ತ ಹಾಕಬೇಡ. ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋಗು. ಬಾಕಿಗೆ ಮುರಿದುಕೊಳ್ಳುವುದೂ ಸ್ವಲ್ಪವೇ ಆಗುತ್ತದೆ.

ರೇಖಾ: ಇವರ ಮಾತು ಕೇಳಬೇಡ ಪವನ್. ಪಕ್ಕದ ಕೋಣೆಯಲ್ಲಿ ಕುಳಿತು ಉಪಾಯ ಹಂಚುತ್ತಿದ್ದಾರೆ, ನನ್ನನ್ನು ಒಂದು ಮಾತು ಕೇಳಬಹುದಿತ್ತು. ಬಾಕಿ ವಸೂಲಿ ಎರಡು ಬಗೆಯಲ್ಲಿ ನಡೆಯುತ್ತದೆ. ಒಂದು, ಹಾಕಿದ ಹಣದಲ್ಲಿ ಶೇಕಡಾ ಇಷ್ಟು ಎಂದು. ಹೀಗಿದ್ದರೆ ಹತ್ತು ಸಲ ಹಾಕು, ಒಂದೇ ಸಲ ಹಾಕು, ಹೋಗುವುದು ಅಷ್ಟೇ. ಇನ್ನೊಂದು, ವಾರಕ್ಕೋ ತಿಂಗಳಿಗೋ ಇಷ್ಟು ಎಂದು ಕಟ್ಟಿದ ಕಂತು. ಹೀಗಿದ್ದರೆ ನೀನು ವಿದ್ಯುತ್ ಬಳಸಿದರೂ ಬಳಸದಿದ್ದರೂ ಕಂತು ಏರುತ್ತಲೇ ಇರುತ್ತದೆ. ಆಗ ಸಣ್ಣ ರೀಚಾರ್ಜ್ ಪೂರ್ತಿ ಅದರ ಹೊಟ್ಟೆಗೇ ಹೋಗಿ, ಹಣ ಹಾಕಿದ ಮೇಲೂ ಮನೆ ಕತ್ತಲಾಗಿಯೇ ಉಳಿಯಬಹುದು. ನಿನ್ನದು ಯಾವುದು?

ಪವನ್: ಗೊತ್ತಿಲ್ಲ ಅಕ್ಕ. ಹೋದ ಸಲದ ರಸೀದಿಯಲ್ಲೂ ನೂರಕ್ಕೆ ನಲವತ್ತೇ ಇತ್ತು.

ರೇಖಾ: ಆ ಸಲ ಹಾಕಿದ ಮೊತ್ತ ಬೇರೆಯಾಗಿತ್ತೇ?

ಪವನ್: ಹೌದು, ಅರ್ಧದಷ್ಟು.

ರೇಖಾ: ಹಾಗಾದರೆ ಶೇಕಡಾ ಲೆಕ್ಕವೇ. ಇದರಲ್ಲಿ ಹೆಚ್ಚು ಬಳಸಿದ ತಿಂಗಳು ಬಾಕಿಯೂ ಹೆಚ್ಚು ತೀರುತ್ತದೆ. ಕೇಳಲು ನ್ಯಾಯ ಎನ್ನಿಸುತ್ತದೆ. ಆದರೆ ಖರ್ಚು ಹೆಚ್ಚಿರುವ ತಿಂಗಳಿನಲ್ಲೇ ಹೊರೆಯೂ ಹೆಚ್ಚು ಬೀಳುತ್ತದೆ.

ಮುರಳಿ: ಹಾಗಿದ್ದರೆ ಒಂದೆರಡು ವಾರ ರೀಚಾರ್ಜ್ ಮಾಡದೆ ತುರ್ತು ಸಾಲದ ಮೇಲೆ ಓಡಿಸಲಿ. ಅದು ಇರುವುದೇ ಅದಕ್ಕೆ.

ರೇಖಾ: ಅದು ಬಹುಮಾನವಲ್ಲ, ಹೆಸರೇ ಸಾಲ. ಮುಂದಿನ ರೀಚಾರ್ಜಿನಲ್ಲಿ ವಾಪಸ್ ಕಿತ್ತುಕೊಳ್ಳುತ್ತದೆ. ರಸೀದಿಯಲ್ಲಿರುವ ಹತ್ತು ಎಲ್ಲಿಂದ ಬಂತು ಎಂದುಕೊಂಡಿರಿ? ನಿಗದಿತ ಶುಲ್ಕವೂ ದಿನ ಬಿಡದೆ ಸೇರುತ್ತಿರುತ್ತದೆ. ಆ ಹನ್ನೆರಡು ಅದೇ. ಪವನ್, ರೀಚಾರ್ಜ್ ಮಾಡದೆ ಬಿಟ್ಟಿದ್ದೆಯಾ?

ಪವನ್: ಕೆಲವು ದಿನ. ಅಮ್ಮನನ್ನು ಚಿಕ್ಕಮ್ಮನ ಮನೆಗೆ ಬಿಟ್ಟಿದ್ದೆ. ನಾನೊಬ್ಬನೇ ಇದ್ದೆ. ರಾತ್ರಿ ಮೊಬೈಲ್ ಬೆಳಕಿನಲ್ಲಿ ಊಟ ಮಾಡಿದೆ. ಫ್ರಿಜ್ ಖಾಲಿ ಮಾಡಿ ಬಾಗಿಲು ತೆರೆದಿಟ್ಟಿದ್ದೆ.

ಸುಧಾ ಚಿಕ್ಕಮ್ಮ: ಅಕ್ಕ ನನ್ನ ಮನೆಗೆ ಬಂದದ್ದು ಅದಕ್ಕೋ! "ನಾಲ್ಕು ದಿನ ಇದ್ದು ಹೋಗುತ್ತೇನೆ" ಎಂದಷ್ಟೇ ಹೇಳಿದಳು. ಪವನ್, ಇದನ್ನು ಹೇಳಲು ನಿನಗೇನಾಗಿತ್ತು?

ದೊಡ್ಡಪ್ಪ: ಕತ್ತಲೆಯಲ್ಲಿ ಕುಳಿತುಕೋ ಎಂದು ನಾನು ಹೇಳಿಲ್ಲ. ಲೆಕ್ಕವಿಟ್ಟು ಬಳಸು ಎಂದೆ. ಮೊದಲು ತಿಂಗಳು ಮುಗಿದ ಮೇಲೆ ಬಿಲ್ ಬರುತ್ತಿತ್ತು, ಎಲ್ಲಿ ಸೋರಿತು ಎಂದೇ ತಿಳಿಯುತ್ತಿರಲಿಲ್ಲ. ಈಗ ಗೀಸರ್ ಹಾಕಿ ಆರಿಸುವಷ್ಟರಲ್ಲಿ ಎಷ್ಟು ಇಳಿಯಿತು ಎಂದು ಮೀಟರಿನಲ್ಲೇ ನೋಡಬಹುದು. 2020ರ ಗ್ರಾಹಕರ ಹಕ್ಕುಗಳ ನಿಯಮಗಳಲ್ಲೇ ಹೊಸ ಸಂಪರ್ಕಕ್ಕೆ ಪ್ರೀಪೇಯ್ಡ್ ಮೀಟರ್ ಎಂದಿದೆ. ನಾಳೆ ನಿಮ್ಮೆಲ್ಲರ ಮನೆಗೂ ಬರುವುದೇ.

ರೇಖಾ: ಬರಲಿ. ಕೈಯಲ್ಲಿ ಹಣವಿರುವವರಿಗೆ ಅದು ಅನುಕೂಲವೇ, ನಾನು ಅಲ್ಲಗಳೆಯುವುದಿಲ್ಲ. ಬಾಕಿ ಹೊತ್ತವರ ವಿಷಯ ಬೇರೆ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಮಿನಂತೆ, ಬಾಕಿಗಾಗಿ ಸಂಪರ್ಕ ಕಡಿಯುವ ಮೊದಲು 15 ದಿನಗಳ ಲಿಖಿತ ನೋಟಿಸು ಕೊಡಬೇಕು. ಲೈನ್‌ಮನ್ ಬಂದರೂ ಅವರೊಡನೆ ಮಾತನಾಡಬಹುದಿತ್ತು. ಈಗ ಯಾರೂ ಬರುವುದಿಲ್ಲ. ಶೇಷ ಸೊನ್ನೆಯಾಯಿತು, ದೀಪ ಆರಿತು. ಕಡಿದವರು ಯಾರು ಎಂದರೆ ನೀನೇ ಎನ್ನುತ್ತಾರೆ.

ದೊಡ್ಡಪ್ಪ: ಭಾಷಣ ಚೆನ್ನಾಗಿದೆ. ಬಾಕಿ ಯಾರು ಕಟ್ಟಬೇಕು, ಅದನ್ನು ಹೇಳು.

ರೇಖಾ: ಪವನೇ ಕಟ್ಟಬೇಕು. ಕಟ್ಟುವ ವೇಗದ ಬಗ್ಗೆ ಮಾತ್ರ ನನ್ನ ತಕರಾರು. ನಲವತ್ತು ಎಂದು ನಿಗದಿ ಮಾಡಿದ್ದು ಯಾರು? ಅವನ ಆದಾಯ ಎಷ್ಟೆಂದು ಒಬ್ಬರಾದರೂ ಕೇಳಿದರೇ?

ಪವನ್: ಇಲ್ಲ. ಮೀಟರ್ ಹಾಕಿದವರು ಕಾಗದಕ್ಕೆ ಸಹಿ ಮಾಡಿಸಿಕೊಂಡು ಹೋದರು.

ಸುಧಾ ಚಿಕ್ಕಮ್ಮ: ಇಷ್ಟೆಲ್ಲ ಏಕೆ? ಎಲ್ಲರೂ ಒಂದಿಷ್ಟು ಹಾಕಿ ಬಾಕಿಯನ್ನು ಒಂದೇ ಸಲ ತೀರಿಸಿಬಿಡೋಣ. ನಾನು ಇವತ್ತೇ ಕಳುಹಿಸುತ್ತೇನೆ.

ಪವನ್: ಬೇಡ ಚಿಕ್ಕಮ್ಮ. ದಯವಿಟ್ಟು. ಕಂಪನಿಯ ಸಾಲ ಹೋಗಿ ಮನೆಯವರ ಸಾಲ ಬರುವುದು ನನಗೆ ಇಷ್ಟವಿಲ್ಲ.

ಸುಧಾ ಚಿಕ್ಕಮ್ಮ: ಸಾಲ ಎಂದವರು ಯಾರು?

ಪವನ್: ಈ ಸಂದೇಶವನ್ನು ಅಳಿಸಲಾಗಿದೆ

ರೇಖಾ: ಚಿಕ್ಕಮ್ಮ, ಸ್ವಲ್ಪ ತಾಳಿ. ಒಟ್ಟಿಗೆ ಕಟ್ಟುವುದು ಲಾಭವೋ ಅಲ್ಲವೋ ಎಂಬುದು ಒಂದೇ ಪ್ರಶ್ನೆಯ ಮೇಲೆ ನಿಂತಿದೆ. ಬಾಕಿಯ ಮೇಲೆ ಈಗಲೂ ಬಡ್ಡಿ, ದಂಡ ಏನಾದರೂ ಬೀಳುತ್ತಿದೆಯೇ? ಬೀಳುತ್ತಿದ್ದರೆ ಬೇಗ ತೀರಿಸಿದಷ್ಟೂ ಒಳ್ಳೆಯದು, ಆಗ ನಿಮ್ಮ ಹಣ ತೆಗೆದುಕೊಳ್ಳಲು ನಾನೇ ಅವನಿಗೆ ಹೇಳುತ್ತೇನೆ. ಮೊತ್ತ ಅಲ್ಲೇ ನಿಂತಿದ್ದರೆ ಆತುರವಿಲ್ಲ. ಶೇಕಡಾ ಲೆಕ್ಕ ಇಳಿಸಿಕೊಂಡು ಮೆಲ್ಲಗೆ ಕಟ್ಟಲಿ, ನಿಮ್ಮ ಹಣ ನಿಮ್ಮಲ್ಲೇ ಇರಲಿ. ಅಮ್ಮನಿಗೆ ಯಾವಾಗ ಬೇಕಾಗುತ್ತದೋ ತಿಳಿಯದು.

ಸುಧಾ ಚಿಕ್ಕಮ್ಮ: ಅಕ್ಕನ ನೆಬ್ಯುಲೈಸರ್ (ಉಸಿರಿನ ಮೂಲಕ ಔಷಧ ಕೊಡುವ ಯಂತ್ರ) ಕೂಡ ಇದೇ ಮೀಟರಿನ ಮೇಲಲ್ಲವೇ ನಡೆಯುವುದು?

ರೇಖಾ: ಅದೇ ನನ್ನ ಭಯ. ಬ್ರಿಟನ್ನಿನಲ್ಲಿ ಬಾಕಿದಾರರ ಮನೆಗಳಿಗೆ ವಾರಂಟ್ ಹಿಡಿದು ಹೋಗಿ ಒತ್ತಾಯದಿಂದ ಪ್ರೀಪೇಯ್ಡ್ ಮೀಟರ್ ಕೂರಿಸುತ್ತಿದ್ದರು. ಗಲಾಟೆಯಾದ ಮೇಲೆ 2023ರ ಫೆಬ್ರುವರಿಯಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಅದನ್ನು ನಿಲ್ಲಿಸಿ ಎಂದಿತು. ಆಮೇಲೆ ಬಂದ ನಿಯಮದಂತೆ, ಆರೋಗ್ಯದ ಕಾರಣಕ್ಕೆ ನಿರಂತರ ವಿದ್ಯುತ್ ಬೇಕಾದವರ ಮನೆಗೆ ಹೀಗೆ ಒತ್ತಾಯದಿಂದ ಹಾಕುವಂತಿಲ್ಲ.

ದೊಡ್ಡಪ್ಪ: ಅದು ಆ ದೇಶದ ಮಾತು. ಇಲ್ಲಿ ಯಾರು ಕೇಳುತ್ತಾರೆ? ಆದರೆ ನಿಮ್ಮ ಅಮ್ಮನ ಉಪಕರಣದ ವಿಷಯ ನನಗೆ ಹೊಳೆದಿರಲಿಲ್ಲ. ಅವಳಿಗೆ ಉಸಿರು ಕಟ್ಟಿದ ಹೊತ್ತಿನಲ್ಲಿ ಶೇಷ ಮುಗಿಯಬಾರದು. ಪವನ್, ಆ ಉಪಕರಣ ನಡೆಸಲು ಬೇಕಾದಷ್ಟು ಮೊತ್ತಕ್ಕಿಂತ ಶೇಷ ಕೆಳಗೆ ಇಳಿಯಲು ಬಿಡಲೇಬೇಡ. ಬೇಕಾದರೆ ನಾನೇ ಹಾಕುತ್ತೇನೆ, ಅದನ್ನು ಸಾಲ ಎಂದರೆ ಬೈಸಿಕೊಳ್ಳುತ್ತೀಯ.

ಮುರಳಿ: ನಾನು ಮತ್ತೆ ಬಾಯಿ ಹಾಕಬಹುದೇ? ಮೊದಲಿನ ಸಂಪರ್ಕ ಪಡೆಯುವಾಗ ಕಟ್ಟಿದ ಭದ್ರತಾ ಠೇವಣಿ ಏನಾಯಿತು?

ಪವನ್: ಯಾವ ಠೇವಣಿ ಭಾವ?

ಮುರಳಿ: ಬಿಲ್ ಕಟ್ಟದಿದ್ದರೆ ಎಂದು ಇಟ್ಟುಕೊಳ್ಳುವ ಠೇವಣಿ. ಮುಂಗಡ ಹಣ ಪಡೆಯುವ ಮೀಟರಿಗೆ ಅದು ಏಕೆ ಬೇಕು? ಅದೇ 2003ರ ಕಾಯ್ದೆಯ 47ನೇ ಕಲಂ ತೆಗೆದು ನೋಡಿ. ಪ್ರೀಪೇಯ್ಡ್ ಮೀಟರ್ ಮೂಲಕ ವಿದ್ಯುತ್ ಪಡೆಯಲು ಒಪ್ಪಿದವರಿಂದ ಠೇವಣಿ ಕೇಳುವಂತಿಲ್ಲ. ಹಳೆಯದು ಅವರ ಬಳಿಯೇ ಕುಳಿತಿದ್ದರೆ ಬಾಕಿಗೆ ಹೊಂದಿಸಿ ಎಂದು ಬರೆದು ಕೇಳಲಿ.

ರೇಖಾ: ಇದನ್ನು ಮೊದಲೇ ಹೇಳಬಾರದಿತ್ತೇ?

ಮುರಳಿ: ಯಾರೋ ನನ್ನ ಮಾತು ಕೇಳಬೇಡ ಎಂದರು.

ದೊಡ್ಡಪ್ಪ: ಅಳಿಯಂದಿರೇ, ಈ ಒಂದು ಮಾತಿಗೆ ನಿಮ್ಮ ಹಿಂದಿನ ಎರಡು ಉಪಾಯಗಳನ್ನೂ ಮನ್ನಿಸಿದ್ದೇನೆ.

ಪವನ್: [ಚಿತ್ರ] ಹಳೆಯ ಬಿಲ್ ಸಿಕ್ಕಿತು. ಠೇವಣಿ ಎಂಬ ಸಾಲು ಇದೆ! ಬಾಕಿಯ ಮೂರನೆಯ ಒಂದು ಭಾಗದಷ್ಟಾದರೂ ಆಗುತ್ತದೆ. ಹೊಸ ಮೀಟರಿನ ಲೆಕ್ಕದಲ್ಲಿ ಅದರ ಸುದ್ದಿಯೇ ಇಲ್ಲ.

ರೇಖಾ: ಹಾಗಾದರೆ ಅರ್ಜಿ ಬರೆ. ಬಾಕಿ ಯಾವ ಯಾವ ತಿಂಗಳಿನದು ಎಂಬ ವಿವರ ಬೇಕು, ಠೇವಣಿಯನ್ನು ಅದಕ್ಕೆ ಹೊಂದಿಸಬೇಕು, ನಲವತ್ತನ್ನು ಇಪ್ಪತ್ತಕ್ಕೆ ಇಳಿಸಬೇಕು. ಅಮ್ಮನ ವೈದ್ಯರ ಚೀಟಿಯನ್ನೂ ಲಗತ್ತಿಸು. ಫೋನಿನಲ್ಲಿ ಮಾತನಾಡಿ ಬಿಡಬೇಡ. ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಬಾ.

ದೊಡ್ಡಪ್ಪ: ಇಪ್ಪತ್ತಕ್ಕೆ ಇಳಿಸಿದರೆ ತೀರಲು ಇಮ್ಮಡಿ ಕಾಲ ಬೇಕು. ನಾನಾಗಿದ್ದರೆ ಮೂವತ್ತು ಕೇಳುತ್ತಿದ್ದೆ.

ರೇಖಾ: ಅವರು ಮೂವತ್ತಕ್ಕೆ ಬರಲಿ ಎಂದೇ ಇಪ್ಪತ್ತು ಕೇಳುವುದು ದೊಡ್ಡಪ್ಪ.

ದೊಡ್ಡಪ್ಪ: ಹಾಗೆಯೇ ಆಗಲಿ. ಬಿಲ್ಲಿನ ಮೂಲ ಪ್ರತಿ ಕೊಡಬೇಡ ಪವನ್, ಜೆರಾಕ್ಸ್ ಮಾತ್ರ ಕೊಡು. ನಾನೂ ಜೊತೆಗೆ ಬರುತ್ತೇನೆ.