ಮೊದಲು ಕ್ಯಾಮೆರಾ ಕೈಗೆ ಕೂರಬೇಕಾ, ಎಡಿಟಿಂಗ್ ಕಲಿಯಬೇಕಾ?

ಹೊಸಕಣ್ಣು:
ಎಲ್ಲರಿಗೂ ನಮಸ್ಕಾರ. ಈಗಷ್ಟೇ ಕ್ಯಾಮೆರಾ ಹಿಡಿದಿದ್ದೇನೆ, ಜನರ ಫೋಟೋ ತೆಗೆಯುವ ಆಸೆ. ಕೇಳಿದವರಲ್ಲಿ ಅರ್ಧ ಜನ, ರಾ ಫೈಲ್‌ನಲ್ಲಿ (ಕ್ಯಾಮೆರಾದ ಸೆನ್ಸರ್ ಹಿಡಿದದ್ದನ್ನು ಹಾಗೇ ಇಟ್ಟುಕೊಳ್ಳುವ ಫೈಲ್) ತೆಗಿ, ಮಿಕ್ಕಿದ್ದನ್ನೆಲ್ಲ ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್‌ನಲ್ಲಿ ಸರಿ ಮಾಡಬಹುದು ಅನ್ನುತ್ತಾರೆ. ಇನ್ನರ್ಧ ಜನ ಎಡಿಟ್ ಮಾಡಿದರೆ ಅದು ಫೋಟೋನೇ ಅಲ್ಲ ಅಂತ ಬೈಯುತ್ತಾರೆ. ಕಲಿಯೋದಕ್ಕೆ ನನಗೆ ಸಿಗುವ ಸಮಯ ಕಮ್ಮಿ. ಅದನ್ನು ಬೆಳಕು, ಕ್ಯಾಮೆರಾ ಒಳಗೆ ಎಷ್ಟು ಬೆಳಕು ಬಿಡಬೇಕು ಅನ್ನುವ ಎಕ್ಸ್‌ಪೋಷರ್‌ಗೆ ಹಾಕಲಾ ಇಲ್ಲ ಫೋಟೋಶಾಪ್‌ಗೆ ಹಾಕಲಾ? ಎಡಿಟ್ ಮಾಡಿದ್ದು ಮೋಸ ಅಂತ ಆಗುತ್ತಾ?

ಬೆಳಕಿನಜಾಡು:
ಜನರ ಫೋಟೋ ಅಂದಿರಲ್ಲ, ಹಾಗಾದರೆ ಮೊದಲು ಬೆಳಕು. ಮಟಮಟ ಮಧ್ಯಾಹ್ನ ಒಬ್ಬರನ್ನು ಬಿಸಿಲಲ್ಲಿ ನಿಲ್ಲಿಸಿ ಮುಖ ನೋಡಿ. ಹುಬ್ಬಿನ ಕೆಳಗೆ ಕಣ್ಣು ಕತ್ತಲಲ್ಲಿ ಹೂತುಹೋಗಿರುತ್ತದೆ, ಮೂಗಿನ ನೆರಳು ಮೇಲ್ತುಟಿಗೆ ಗೆರೆ ಎಳೆದ ಹಾಗೆ ಬಿದ್ದಿರುತ್ತದೆ. ಆಮೇಲೆ ಎಡಿಟಿಂಗ್‌ಗೆ ಕೂತು, ಕತ್ತಲ ಭಾಗ ತಿಳಿ ಮಾಡುವ ಶ್ಯಾಡೋ ಸ್ಲೈಡರ್ ಎಷ್ಟು ಎಳೆದರೂ ಆ ಕಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ ಅಷ್ಟೇ, ನೆರಳಿನ ಅಂಚು ಹಾಗೇ ಉಳಿಯುತ್ತದೆ, ಕಣ್ಣಿಗೆ ಹೊಳಪು ಬರುವುದಿಲ್ಲ. ಅದೇ ಮನುಷ್ಯನನ್ನು ನಾಲ್ಕು ಹೆಜ್ಜೆ ಈಚೆಗೆ, ನೆರಳಿರುವ ಜಾಗಕ್ಕೆ ಕರೆದು ಮುಖವನ್ನು ತೆರೆದ ಆಕಾಶದ ಕಡೆ ತಿರುಗಿಸಿ. ನೆರಳು ಮೆತ್ತಗಾಗುತ್ತದೆ, ಕಣ್ಣಲ್ಲಿ ಆಕಾಶದ ಬೆಳಕು ಕಾಣುತ್ತದೆ. ಇದಕ್ಕೆ ಹಿಡಿಯೋದು ಅರೆ ನಿಮಿಷ.

ರಾ ಫೈಲ್ ದೊಡ್ಡ ಸಹಾಯ, ಇಲ್ಲ ಅನ್ನುವುದಿಲ್ಲ. ಮಾಮೂಲಿ ಜೆಪೆಗ್ ಫೈಲ್‌ನಲ್ಲಿ ಒಂದೊಂದು ಬಣ್ಣಕ್ಕೆ ತಿಳಿಯಿಂದ ಗಾಢದವರೆಗೆ 256 ಮಟ್ಟ ಮಾತ್ರ, 14 ಬಿಟ್ ರಾನಲ್ಲಿ 16,384. ಆದರೆ ಸೆನ್ಸರ್ ತುಂಬಿ ಬಿಳಿಯಾಗಿ ಹೋದ ಹಣೆ, ಬಿಳಿ ಅಂಗಿ, ಅಲ್ಲಿ ಎಲ್ಲ ಪಿಕ್ಸೆಲ್‌ಗಳದ್ದೂ ಒಂದೇ ಸಂಖ್ಯೆ. ವಾಪಸ್ ತರೋಕೆ ಏನೂ ಇರುವುದಿಲ್ಲ. ಇನ್ನು ತೀರಾ ಹತ್ತಿರ ನಿಂತು ತೆಗೆದು ಮೂಗು ದಪ್ಪ ಕಂಡರೆ ಕ್ರಾಪ್ ಮಾಡಿ ಪ್ರಯೋಜನವಿಲ್ಲ. ಅದು ನೀವು ನಿಂತ ದೂರದಿಂದ ಬಂದದ್ದು, ಹಿಂದೆ ಸರಿದೇ ತೆಗೆಯಬೇಕು.

ಕೆಂಪುದೀಪ:
ಮೇಲಿನವರು ಹೇಳಿದ್ದು ಸರಿ. ಆದರೆ 'ಎಡಿಟ್ ಮಾಡಿದರೆ ಫೋಟೋನೇ ಅಲ್ಲ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಫಿಲ್ಮ್‌ನಿಂದ ಪ್ರಿಂಟ್ ಹಾಕುವ ಕತ್ತಲ ಕೋಣೆ, ಅಂದರೆ ಡಾರ್ಕ್‌ರೂಮಿನ ಒಳಗೆ ಹೋಗಿ ಕೆಲಸ ಮಾಡಿದ ಯಾರೂ ಹಾಗೆ ಹೇಳಲಾರರು. ತಂತಿ ತುದಿಗೆ ರಟ್ಟಿನ ಚೂರು ಅಂಟಿಸಿ, ನೆಗೆಟಿವ್ ಚಿತ್ರವನ್ನು ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್ ಬೆಳಕಿಗೂ ಫೋಟೋ ಪೇಪರಿಗೂ ನಡುವೆ ಹಿಡಿದು, ಅಂಚು ಮೂಡದ ಹಾಗೆ ಆಡಿಸುತ್ತಾ ಇರಬೇಕು. ಆ ಭಾಗ ತಿಳಿಯಾಗಿ ಬರುತ್ತದೆ, ಅದು ಡಾಜಿಂಗ್. ಮುಷ್ಟಿಯ ಸಂದಿಯಿಂದ ಬೇಕಾದ ಕಡೆ ಮಾತ್ರ ಜಾಸ್ತಿ ಬೆಳಕು ಬಿಟ್ಟರೆ ಕಪ್ಪಾಗುತ್ತದೆ, ಅದು ಬರ್ನಿಂಗ್. ಫೋಟೋಶಾಪಿನಲ್ಲಿ ಡಾಜ್, ಬರ್ನ್ ಐಕಾನ್ ನೋಡಿ, ಅದೇ ಕಡ್ಡಿ, ಅದೇ ಕೈ.

ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಸ್ ಹಳ್ಳಿಯ ಮೇಲೆ ಚಂದ್ರ ಮೂಡಿದ್ದನ್ನು ತೆಗೆದರಲ್ಲ, ಆ ಫೋಟೋದ ಕಥೆಯಲ್ಲಿ ನಿಮ್ಮ ಪ್ರಶ್ನೆಯ ಎರಡೂ ಭಾಗ ಇದೆ. ಸ್ಮಶಾನದ ಶಿಲುಬೆಗಳ ಮೇಲಿನ ಬಿಸಿಲು ಜಾರಿಹೋಗುತ್ತಿತ್ತು, ಬೆಳಕು ಅಳೆಯುವ ಲೈಟ್ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಎಷ್ಟು ಅಂತ ಅವರಿಗೆ ನೆನಪಿತ್ತು, ಆ ಲೆಕ್ಕದಲ್ಲೇ ಎಕ್ಸ್‌ಪೋಷರ್ ಇಟ್ಟರು. ಎರಡನೇ ಫೋಟೋ ತೆಗೆಯುವಷ್ಟರಲ್ಲಿ ಬಿಸಿಲು ಹೋಗಿತ್ತು. ಅಷ್ಟು ಗಟ್ಟಿ ಕೈ. ಅಂಥವರೇ ಮುಂದೆ ವರ್ಷಗಟ್ಟಲೆ ಅದೇ ನೆಗೆಟಿವ್‌ನಿಂದ ಮತ್ತೆ ಮತ್ತೆ ಪ್ರಿಂಟ್ ಹಾಕಿದರು. ಮೊದಮೊದಲ ಪ್ರಿಂಟ್‌ಗಳಲ್ಲಿ ಆಕಾಶ ತಿಳಿಯಾಗಿದೆ, ಮೋಡ ಕಾಣುತ್ತದೆ. ಆಮೇಲಿನವುಗಳಲ್ಲಿ ಆಕಾಶ ಹೆಚ್ಚುಕಮ್ಮಿ ಪೂರ್ತಿ ಕಪ್ಪು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಪ್ರಿಂಟ್ ಹಾಕುವವರ ಕೈವಾಡ ಎಷ್ಟಿರುತ್ತದೆ ಅಂತ ಗೊತ್ತಾಗುತ್ತದೆ. ಹಾಗಾಗಿ ಎರಡೂ ಕಲಿಯಿರಿ. ಬೆಳಕು ಮೊದಲು ಅನ್ನೋದಕ್ಕೆ ನನ್ನದೂ ಓಟು.

ಸುದ್ದಿಚಿತ್ರ:
ಮೋಸ ಆಗುತ್ತಾ ಅಂತ ಕೇಳಿದಿರಿ. ನೋಡುವವರಿಗೆ ನೀವು ಏನು ಅಂತ ಹೇಳಿ ತೋರಿಸುತ್ತಿದ್ದೀರಿ, ಅದರ ಮೇಲೆ ಹೋಗುತ್ತದೆ. ಸುದ್ದಿ ಫೋಟೋದಲ್ಲಿ ಹೊಳಪು, ಕಾಂಟ್ರಾಸ್ಟ್ ಸ್ವಲ್ಪ ಸರಿ ಮಾಡಬಹುದು, ಇದ್ದದ್ದನ್ನು ತೆಗೆಯುವ ಹಾಗಿಲ್ಲ, ಇಲ್ಲದ್ದನ್ನು ಸೇರಿಸುವ ಹಾಗಿಲ್ಲ. 1982ರಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ತನ್ನ ಮುಖಪುಟಕ್ಕೆ ಹೊಂದಲಿ ಅಂತ ಈಜಿಪ್ಟಿನ ಪಿರಮಿಡ್‌ಗಳನ್ನು ಹತ್ತಿರ ಸರಿಸಿತ್ತು, ಆಗ ಫೋಟೋಶಾಪ್ ಹುಟ್ಟಿರಲೂ ಇಲ್ಲ, ಅದು ಬಂದದ್ದು 1990ರಲ್ಲಿ. ಆ ಮುಖಪುಟದ ಬಗ್ಗೆ ಜನ ಇವತ್ತಿಗೂ ಮಾತಾಡುತ್ತಾರೆ. 2015ರ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಕೊನೆಯ ಸುತ್ತಿನ ಹೊಸ್ತಿಲಿಗೆ ಬಂದ ಚಿತ್ರಗಳಲ್ಲಿ ಸುಮಾರು 20% ಇದೇ ಕಾರಣಕ್ಕೆ ಹೊರಬಿದ್ದವು. ಅದೇ ವರ್ಷ ಬಹುಮಾನ ಬಂದಿದ್ದ ಒಂದು ಸರಣಿಯನ್ನೇ ಕೈಬಿಟ್ಟರು, ಅದಕ್ಕೆ ಕಾರಣ ಎಡಿಟಿಂಗ್ ಆಗಿರಲಿಲ್ಲ. ಒಂದು ಊರಿನದು ಅಂತ ಕೊಟ್ಟ ಆ ಸರಣಿಯ ಒಂದು ಚಿತ್ರವನ್ನು ಬೇರೆ ಊರಲ್ಲಿ ತೆಗೆದಿದ್ದರು. ಎಡಿಟ್ ಮಾಡದ ಫೋಟೋನೂ ಸುಳ್ಳು ಹೇಳಬಹುದು, ಅಲ್ವಾ?

ಹೊಸಕಣ್ಣು:
ತುಂಬಾ ಥ್ಯಾಂಕ್ಸ್. ಒಂದೇ ಒಂದು ಡೌಟು. ಸುದ್ದಿ ಏನೂ ಅಲ್ಲ, ಸುಮ್ನೆ ಒಬ್ಬರ ಪೋರ್ಟ್ರೇಟ್. ಮುಖದ ಮೊಡವೆ ತೆಗೆಯಬಹುದಾ? ಚರ್ಮ ನುಣುಪು ಮಾಡೋದು?

ಬೆಳಕಿನಜಾಡು:
ಮೊಡವೆ ಧಾರಾಳವಾಗಿ ತೆಗೆಯಿರಿ, ನಾಲ್ಕು ದಿನ ಆದರೆ ಅದೇ ಹೋಗುತ್ತದೆ. ಮಚ್ಚೆ, ಗಾಯದ ಗುರುತು ಅವರ ಮುಖದ್ದೇ ಭಾಗ, ಅವರನ್ನು ಕೇಳದೆ ಮುಟ್ಟಬೇಡಿ. ನುಣುಪು ಮಾಡುವಾಗ 100% ಜೂಮ್ ಇಟ್ಟು ನೋಡುತ್ತಾ ಇರಿ, ಚರ್ಮದ ಸಣ್ಣ ರಂಧ್ರಗಳು ಮಾಯವಾಗುತ್ತಿವೆ ಅನ್ನಿಸಿದ ತಕ್ಷಣ ವಾಪಸ್ ಬನ್ನಿ. ಮೈಬಣ್ಣ ಮಾತ್ರ ಬೆಳ್ಳಗೆ ಮಾಡಲೇಬೇಡಿ, ಯಾರು ಕೇಳಿದರೂ ನಾನಂತೂ ಮಾಡುವುದಿಲ್ಲ. ಮುಖ ಮಂಕಾಗಿ ಕಂಡರೆ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣೋ ಹಾಗೆ ಬಣ್ಣ ಹೊಂದಿಸೋದು), ಎಕ್ಸ್‌ಪೋಷರ್ ಸರಿ ಇದೆಯಾ ಅಂತ ಮೊದಲು ನೋಡಿ. ಎಷ್ಟೋ ಸಲ ತಪ್ಪು ಅಲ್ಲೇ ಇರುತ್ತದೆ.