ಬಂಪರ್ ಗೀರಿಗೆ ಹೊಡೆದ ಪೇಂಟ್ ಎದ್ದು ಬರ್ತಿದೆ, ಸ್ಪ್ರೇ ಡೂಪ್ಲಿಕೇಟಾ?

ನೀಲಿಹಕ್ಕಿ:
ಬೇಸ್‌ಮೆಂಟ್ ಕಂಬಕ್ಕೆ ಹಿಂದಿನ ಬಂಪರಿನ ಮೂಲೆ ಉಜ್ಜಿತು. ಗ್ಯಾರೇಜಿನವರು ಇಡೀ ಬಂಪರ್ ಪೇಂಟ್ ಮಾಡಬೇಕು ಅಂದರು. ರೇಟ್ ಕೇಳಿ ತಲೆ ತಿರುಗಿತು. ಅಂಗೈಯಗಲದ ಗೀರಿಗೆ ಇಡೀ ಬಂಪರ್ ಯಾಕೆ? ನಾನೇ ಸ್ಪ್ರೇ ಕ್ಯಾನ್ ತಂದು ಹೊಡೆದೆ. ಮೊದಲು ಚೆನ್ನಾಗಿಯೇ ಇತ್ತು. ಕಾರ್ ತೊಳೆಯುವ ಹುಡುಗ ಪ್ರೆಶರ್ ಪೈಪ್ ಹಿಡಿದದ್ದೇ ತಡ, ಅಂಚು ಎದ್ದಿತು. ಈಗ ಉಗುರು ತಾಗಿಸಿದರೆ ಸಾಕು, ಹಾಳೆ ಹಾಳೆಯಾಗಿ ಬರುತ್ತಿದೆ. ನಾನು ಎಲ್ಲ ಸರಿಯಾಗಿಯೇ ಮಾಡಿದ್ದೇನೆ. ಉಜ್ಜಿದೆ, ಒರೆಸಿದೆ, ಪ್ರೈಮರ್ ಹೊಡೆದೆ, ಮೇಲೆ ಕಲರ್. ಬೇಗ ಹೇಳಿ, ಮಾವನ ಮನೆಯಲ್ಲಿ ಫಂಕ್ಷನ್ ಇದೆ. ಈ ಅವತಾರದಲ್ಲಿ ಅವರ ಬಾಗಿಲ ಮುಂದೆ ನಿಲ್ಲಿಸೋಕಾಗಲ್ಲ.

ಹಳೇಡೀಸೆಲ್:
ಗಾಳಿಯಲ್ಲಿ ತೇವ ಇದ್ದಾಗ ಹೊಡೆದಿದ್ದೀರಿ. ತೇವ ಇದ್ದರೆ ಪೇಂಟ್ ಹಿಡಿಯಲ್ಲ. ಅಷ್ಟೇ ವಿಷಯ.

ಗೇರ್‌ಗೌಡ:
ಯಾವ ಗಾಡಿ, ಯಾವ ಕಲರ್, ಏನೂ ಹೇಳಿಲ್ಲವಲ್ಲ ಗುರು. ಮತ್ತೆ ಅದು ನಿಜಕ್ಕೂ ಗೀರೋ, ಕಂಬದ ಹಳದಿ ಪೇಂಟ್ ಅಂಟಿಕೊಂಡಿದ್ದೋ? ಅಂಟಿದ್ದಾಗಿದ್ದರೆ ರಬ್ಬಿಂಗ್ ಕಾಂಪೌಂಡಲ್ಲೇ ಹೋಗುತ್ತಿತ್ತು. ಅರ್ಧ ಜನ ಅದನ್ನು ನೋಡದೆ ವಾಟರ್ ಪೇಪರ್ ಹಿಡಿದು ಕೂರುತ್ತಾರೆ.

ನೀಲಿಹಕ್ಕಿ:
ಬಲೆನೋ, ನೆಕ್ಸಾ ಬ್ಲೂ. ಗೀರೇ ಸಾರ್, ಒಳಗಿನ ಕಪ್ಪು ಕಾಣುತ್ತಿತ್ತು. ಮಳೆ ಗಿಳೆ ಏನೂ ಇರಲಿಲ್ಲ.

ಹಳೇಡೀಸೆಲ್:
ಮಳೆ ಬೇರೆ, ತೇವ ಬೇರೆ. ಮಂಗಳೂರಿನಲ್ಲಿ ಬೇಸಿಗೆಯಲ್ಲೂ ಎಷ್ಟು ತೇವ ಇರುತ್ತೆ ಗೊತ್ತಾ? ನಿಮ್ಮದು ಯಾವೂರು?

ನೀಲಿಹಕ್ಕಿ:
ಕಲಬುರಗಿ. ಹೊಡೆದದ್ದು ಏಪ್ರಿಲ್‌ನಲ್ಲಿ.

ಗೇರ್‌ಗೌಡ:
ಏಪ್ರಿಲ್‌ನಲ್ಲಿ ಕಲಬುರಗಿಯಲ್ಲಿ ತೇವ! ಅಲ್ಲಿ ಒಗೆದ ಬಟ್ಟೆ ಹಿಂಡುವ ಮೊದಲೇ ಒಣಗುತ್ತೆ ಸಾರ್.

ಹಳೇಡೀಸೆಲ್:
ಹಾಗಾದರೆ ಬಿಸಿ ಜಾಸ್ತಿ ಆಗಿದೆ. ಕಾದ ಬಂಪರಿಗೆ ಹೊಡೆದರೆ ಪೇಂಟ್ ದಾರಿಯಲ್ಲೇ ಒಣಗಿ ಪುಡಿಯಾಗಿ ಕೂರುತ್ತೆ. ಹೇಗೆ ನೋಡಿದರೂ ಹವೆಯದ್ದೇ ಸಮಸ್ಯೆ.

ಟಿಂಕರ್‌ಶೆಡ್:
ಪುಡಿಯಾಗಿ ಕೂತಿದ್ದರೆ ಕೈಗೆ ಒರಟಾಗಿ ಸಿಗುತ್ತೆ, ಹೀಗೆ ಹಾಳೆಯಾಗಿ ಬರಲ್ಲ. ಪಾಲಿಶಿನ ಸಿಲಿಕೋನ್ ಉಳಿದಿದ್ದರೆ ಸಣ್ಣ ಸಣ್ಣ ಗುಳಿ ಬೀಳುತ್ತೆ, ಇದು ಅದೂ ಅಲ್ಲ. ನೀಲಿಹಕ್ಕಿ, ಎದ್ದ ಹಾಳೆಯನ್ನು ತಿರುಗಿಸಿ ನೋಡಿ. ಹಿಂದೆ ಯಾವ ಬಣ್ಣ ಇದೆ? ನೀಲಿಯೇ ಇದ್ದರೆ ಪ್ರೈಮರ್‌ಗೂ ಕಲರ್‌ಗೂ ಆಗಿಬಂದಿಲ್ಲ. ಪ್ರೈಮರ್ ಬಣ್ಣ ಇದ್ದರೆ ಪ್ರೈಮರೇ ಬಂಪರಿಗೆ ಹಿಡಿದಿಲ್ಲ.

ಪ್ರೀಮಿಯಂಪ್ರಭು:
ಇಷ್ಟೆಲ್ಲ ಯಾಕೆ? ಇನ್ಶೂರೆನ್ಸ್ ಕ್ಲೇಮ್ ಮಾಡಿ ಕೈತೊಳೆದುಕೊಳ್ಳಿ.

ಗೇರ್‌ಗೌಡ:
ಕ್ಲೇಮ್ ಮಾಡಿದರೆ ರಿನ್ಯೂವಲ್‌ನಲ್ಲಿ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂ ಮೇಲಿನ ರಿಯಾಯಿತಿ, ಸೊನ್ನೆಗೆ ಬರುತ್ತೆ. ಮೂರು ವರ್ಷ ಕ್ಲೇಮ್ ಇಲ್ಲದವರಿಗೆ 35%, ಐದು ವರ್ಷಕ್ಕೆ 50%. ಒಂದು ಮೂಲೆಗೋಸ್ಕರ ಅದನ್ನು ಕಳೆದುಕೊಳ್ಳಬೇಕಾ?

ಪ್ರೀಮಿಯಂಪ್ರಭು:
ಆ 50% ಇಡೀ ಪ್ರೀಮಿಯಂ ಮೇಲೆ ಅಲ್ಲ, ನಮ್ಮ ಗಾಡಿಯ ಹಾನಿಗೆ ಕಟ್ಟುವ ಓನ್ ಡ್ಯಾಮೇಜ್ ಭಾಗದ ಮೇಲೆ ಮಾತ್ರ. ಥರ್ಡ್ ಪಾರ್ಟಿಗೆ ಬೋನಸ್ ಇಲ್ಲ. ಬೋನಸ್ ಉಳಿಸುವ ಆ್ಯಡ್ ಆನ್ ಕೂಡ ಸಿಗುತ್ತೆ. ಪಾಲಿಸಿ ಓದಿ ಮಾತಾಡಿ.

ಗೇರ್‌ಗೌಡ:
ಓದಿಯೇ ಹೇಳಿದ್ದು. ಸವಕಳಿ ಕಡಿತ ತಪ್ಪಿಸುವ ಝೀರೋ ಡೆಪ್ ಆ್ಯಡ್ ಆನ್ ಇಲ್ಲದಿದ್ದರೆ ಪ್ಲಾಸ್ಟಿಕ್ ಪಾರ್ಟಿಗೆ 50% ಕಡಿತ. ಮೇಲೆ 1000 ರೂಪಾಯಿ ನಮ್ಮ ಜೇಬಿನಿಂದಲೇ. ಬಂಪರ್ ಏನು ಕಬ್ಬಿಣದ್ದಾ?

ಮಲ್ನಾಡ್‌ಜೀಪು:
ಕಬ್ಬಿಣ ಅಂದಾಗ ನೆನಪಾಯ್ತು, ಒಂದು ಸ್ಟೀಲ್ ಗಾರ್ಡ್ ಹಾಕಿಸಿಬಿಡಿ. ನನ್ನ ಜೀಪಿಗೆ ಹಾಕಿಸಿದ್ದೇನೆ, ಕಂಬವೇ ಹೆದರಬೇಕು.

ಪ್ರೀಮಿಯಂಪ್ರಭು:
2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇಂಥ ಗಾರ್ಡ್‌ಗಳ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ದಂಡ ಕಟ್ಟುವ ಆಸೆ ಇದ್ದರೆ ಹಾಕಿಸಿ.

ಮಲ್ನಾಡ್‌ಜೀಪು:
ನಮ್ಮ ಕಡೆ ಯಾರೂ ಕೇಳಲ್ಲ.

ನೀಲಿಹಕ್ಕಿ:
ಸ್ವಲ್ಪ ನನ್ನ ಕಡೆ ನೋಡ್ತೀರಾ? ಹಾಳೆ ತಿರುಗಿಸಿದೆ. ಹಿಂದೆಲ್ಲ ಇಟ್ಟಿಗೆ ಕೆಂಪು. ವಾಟರ್ ಪೇಪರ್ ಎಳೆದ ಗೀಟುಗಳ ಅಚ್ಚು ಕೂಡ ಅದರ ಮೇಲೆ ಮೂಡಿದೆ. ಬಂಪರ್ ಮಾತ್ರ ಬರೀ ಕಪ್ಪು, ಕೆಂಪಿನ ಒಂದು ಚುಕ್ಕಿಯೂ ಉಳಿದಿಲ್ಲ.

ಟಿಂಕರ್‌ಶೆಡ್:
ಕೆಂಪಾ? ಯಾವ ಪ್ರೈಮರ್ ಅದು?

ನೀಲಿಹಕ್ಕಿ:
ಗೇಟಿಗೆ ಹೊಡೆದು ಉಳಿದಿತ್ತಲ್ಲ, ರೆಡ್ ಆಕ್ಸೈಡ್. ಅದೂ ಪ್ರೈಮರೇ ಅಲ್ವಾ?

ಗೇರ್‌ಗೌಡ:
ಅಯ್ಯೋ ಶಿವನೇ.

ಟಿಂಕರ್‌ಶೆಡ್:
ಸಿಕ್ತು. ರೆಡ್ ಆಕ್ಸೈಡ್ ಕಬ್ಬಿಣ ತುಕ್ಕು ಹಿಡಿಯದ ಹಾಗೆ ಹೊಡೆಯುವುದು. ಬಂಪರ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಒಳಮೈಯಲ್ಲಿ ಎರಡು ಬಾಣದ ಗುರುತಿನ ನಡುವೆ ಪಿಪಿ ಅಥವಾ ಪಿಪಿ ಪ್ಲಸ್ ಇಪಿಡಿಎಂ ಅಂತ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚೊತ್ತಿರುತ್ತೆ, ಬಗ್ಗಿ ನೋಡಿ. ಈ ಪ್ಲಾಸ್ಟಿಕ್ಕಿಗೆ ಸೂಪರ್ ಗ್ಲೂ ಕೂಡ ಸರಿಯಾಗಿ ಹಿಡಿಯಲ್ಲ, ಇನ್ನು ಗೇಟಿನ ಪ್ರೈಮರ್ ಎಲ್ಲಿ ಹಿಡಿಯುತ್ತೆ?

ಹೊಡೆದದ್ದನ್ನೆಲ್ಲ ತೆಗೆಯಿರಿ. ಕಂಪನಿ ಪೇಂಟಿನ ಅಂಚನ್ನು 400ರ ವಾಟರ್ ಪೇಪರಿನಲ್ಲಿ ಇಳಿಜಾರು ಮಾಡಿ, ಬೆರಳಾಡಿಸಿದರೆ ಮೆಟ್ಟಿಲು ಸಿಗಬಾರದು. ಆಮೇಲೆ ಇನ್ನೂ ನುಣುಪಾದ 800. ಇದಕ್ಕಿಂತ ಒರಟು ಪೇಪರ್ ಬೇಡ, ಬರೀ ಪ್ಲಾಸ್ಟಿಕ್ ಮೇಲೆ ಜೋರಾಗಿ ಉಜ್ಜಿದರೆ ಕೂದಲಿನಂಥ ನವಿರು ಏಳುತ್ತೆ, ಪೇಂಟ್ ಆದ ಮೇಲೂ ಅದು ಕಾಣುತ್ತೆ. ಸೋಪ್ ನೀರಲ್ಲಿ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ. ಆಮೇಲೆ ಕೈ ಇಡಬೇಡಿ.

ಕಪ್ಪು ಕಾಣುವ ಕಡೆಗೆಲ್ಲ ಪ್ಲಾಸ್ಟಿಕ್ಕಿಗೆ ಪೇಂಟ್ ಹಿಡಿಯುವಂತೆ ಮಾಡುವ ಅಡ್ಹೀಶನ್ ಪ್ರಮೋಟರ್, ತೆಳ್ಳಗೆ. ಇದೇ ನಿಮ್ಮಲ್ಲಿ ಬಿಟ್ಟುಹೋದದ್ದು. ಪೇಂಟ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಪ್ರೈಮರ್ ಅಂತ ಕೇಳಿ. ಕೆಲವು ಡಬ್ಬದಲ್ಲಿ ಪ್ರಮೋಟರ್, ಪ್ರೈಮರ್ ಎರಡೂ ಕೂಡಿಯೇ ಬರುತ್ತೆ, ಡಬ್ಬದ ಮೇಲಿನ ಟೈಮ್ ನೋಡಿಕೊಂಡೇ ಮುಂದಿನ ಕೋಟ್. ಆಮೇಲೆ ಕಲರ್, ತೆಳ್ಳಗೆ ಮೂರ್ನಾಲ್ಕು ಸಲ. ನಿಮ್ಮದು ಮಿನುಗು ಪುಡಿ ಇರುವ ಮೆಟಾಲಿಕ್ ಕಲರ್, ಹಾಗಾಗಿ ಮೇಲೆ ಬಣ್ಣವಿಲ್ಲದ ಹೊಳಪಿನ ಕೋಟ್, ಅಂದರೆ ಕ್ಲಿಯರ್, ಹೊಡೆಯಲೇಬೇಕು, ಇಲ್ಲದಿದ್ದರೆ ಮಂಕಾಗಿಯೇ ಉಳಿಯುತ್ತೆ. ಹಾರ್ಡ್ನರ್ ಇರುವ ಟು-ಕೆ ಕ್ಲಿಯರ್ ತಗೊಂಡರೆ ಅದರಲ್ಲಿ ಉಸಿರಿಗೆ ಕೆಟ್ಟದ್ದಾದ ಐಸೊಸಯನೇಟ್ ಇರುತ್ತೆ. ಬಟ್ಟೆ ಮಾಸ್ಕ್ ಪ್ರಯೋಜನಕ್ಕೆ ಬರಲ್ಲ, ಪೇಂಟ್ ಹೊಗೆಗೆಂದೇ ಇರುವ ಕಾರ್ಟ್ರಿಜ್ ಮಾಸ್ಕ್ ಬೇಕು.

ಇನ್ನೊಂದು ಮಾತು. ಮೆಟಾಲಿಕ್ ಪುಡಿ ಹೇಗೆ ಕೂರುತ್ತೋ ಹಾಗೆ ಬಣ್ಣ ಬದಲಾಗುತ್ತೆ. ಕ್ಯಾನಲ್ಲಿ ಹೊಡೆದ ಪ್ಯಾಚ್ ಬಿಸಿಲಲ್ಲಿ ಸ್ವಲ್ಪ ಬೇರೆಯೇ ಕಾಣುತ್ತೆ. ಗ್ಯಾರೇಜಿನವರು ಇಡೀ ಬಂಪರ್ ಅಂದದ್ದು ಪೂರ್ತಿ ಮೋಸ ಅಲ್ಲ.

ಹಳೇಡೀಸೆಲ್:
ಬಿಸಿಲಲ್ಲಿ ಹೊಡೆಯಬೇಡಿ ಅಂತ ಒಂದು ಮಾತು ಸೇರಿಸಿ.

ಟಿಂಕರ್‌ಶೆಡ್:
ಸರಿ ಸಾರ್, ನೆರಳಲ್ಲಿ ಹೊಡೆಯಿರಿ.

ನೀಲಿಹಕ್ಕಿ:
ಕೆಳಗಡೆ ಸ್ವಲ್ಪ ಗಟ್ಟಿಯಾಗಿಯೇ ಇದೆ, ಅದನ್ನೂ ತೆಗೀಬೇಕಾ? ಫಂಕ್ಷನ್ ಒಳಗೆ ಇಷ್ಟೆಲ್ಲ ಆಗಲ್ಲ.

ಟಿಂಕರ್‌ಶೆಡ್:
ಮಾಸ್ಕಿಂಗ್ ಟೇಪ್ ಗಟ್ಟಿಯಾಗಿ ಒತ್ತಿ ಕಿತ್ತು ನೋಡಿ, ಬರುತ್ತೆ. ಅವಸರ ಇದ್ದರೆ ಎದ್ದದ್ದನ್ನೆಲ್ಲ ಕಿತ್ತು, ಕಪ್ಪು ರಬ್ಬರ್ ಕಾರ್ನರ್ ಗಾರ್ಡ್ ಅಂಟಿಸಿಕೊಂಡು ಹೋಗಿಬನ್ನಿ. ಗಾರ್ಡಿನ ಹಿಂದಿನ ಅಂಟು ಟೇಪು, ಕಂಪನಿ ಪೇಂಟ್ ಮೇಲೆ ಕೂರಲಿ, ನೀವು ಹೊಡೆದದ್ದರ ಮೇಲೆ ಬೇಡ. ಪಾರ್ಕಿಂಗ್ ಸೆನ್ಸರ್ ಮುಚ್ಚಬಾರದು.

ಗನ್‌ಮಾಸ್ಟರ್:
ಕ್ಯಾನ್ ಎಲ್ಲ ಮಕ್ಕಳಾಟ. ನನ್ನ ಹತ್ತಿರ 50 ಲೀಟರ್ ಕಂಪ್ರೆಸರ್, ಎಚ್‌ವಿಎಲ್‌ಪಿ ಗನ್, 1.3 ನಾಝಲ್, ಲೈನಿಗೆ ವಾಟರ್ ಸೆಪರೇಟರ್ ಬೇರೆ. ಕ್ಲಿಯರ್ ಕನ್ನಡಿ ಹಾಗೆ ಬರುತ್ತೆ. ಫೋಟೋ ಹಾಕಲಾ?

ಹಳೇಡೀಸೆಲ್:
ಸೆಪರೇಟರ್ ಯಾಕೆ ಇಟ್ಟಿದ್ದೀರಿ? ತೇವಕ್ಕೇ ತಾನೇ?

ಗೇರ್‌ಗೌಡ:
ಶುರುವಾಯ್ತು.

ಬೆಳ್ಳಿಆಲ್ಟೋ:
ನನ್ನದೂ ಇದೇ ಸಮಸ್ಯೆ. ಆದರೆ ಬಾನೆಟ್ ಮೇಲೆ. ಪ್ಲಾಸ್ಟಿಕ್ ಪ್ರೈಮರ್ ತರಿಸಲಾ?

ಟಿಂಕರ್‌ಶೆಡ್:
ಬಾನೆಟ್ ತಗಡು. ಬೇಡ. ಹೊಸ ತ್ರೆಡ್ ಹಾಕಿ.